ಗೋಡೆ ತುಂಬ ಗುಲಗಂಜಿ ಹುಳ

ಗುಲಗಂಜಿ ಹುಳ ಬಂದದ್ದು ಅವರೆ ರಾಶಿಯಿಂದ. ನನ್ನ ಕಾಲ್ಗುಣದಿಂದಲ್ಲ. ನಮ್ಮತ್ತೆ ಸಾಯುವ ತನಕ ಇದನ್ನು ಒಪ್ಪಲಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಮದುವೆಯಾಗಿ ಬಂದ ಮೊದಲ ಚಳಿಗಾಲ. ಬೆಳಿಗ್ಗೆ ಮಬ್ಬಿನಲ್ಲಿ ಬಾಗಿಲು ತಡಕುತ್ತಾ ಗೋಡೆಗೆ ಕೈಯಿಟ್ಟೆ. ಗೋಡೆ ಹರಿದಾಡಿತು. ಕೈ ತೆಗೆದರೆ ಅಂಗೈ ತುಂಬ ಹಳದಿ ಅಂಟು, ಕೆಟ್ಟ ಒಗರು ನಾತ. ಬಾಗಿಲು ತೆಗೆದು ನೋಡುತ್ತೇನೆ, ಸುಣ್ಣದ ಗೋಡೆ ಕೆಂಪಗಾಗಿದೆ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಪುಟ್ಟ ಹುಳ, ತೊಲೆಯಿಂದ ನೆಲದವರೆಗೆ ಗೊಂಚಲು ಗೊಂಚಲು. ನಮ್ಮೂರಿನ ಕಬ್ಬಿನ ಗದ್ದೆಯಲ್ಲಿ ಅಪರೂಪಕ್ಕೊಂದು ಕಂಡರೆ ಬೆರಳ ಮೇಲೆ ಹತ್ತಿಸಿಕೊಂಡು ಹಾರಿಸುತ್ತಿದ್ದೆವು. ಇಲ್ಲಿ ಅದೇ ಹುಳ ಅಂಬಲಿಯಲ್ಲಿ ತೇಲಿತು, ಹಾಸಿಗೆಯಲ್ಲಿ ಹರಿಯಿತು, ತಲೆ ಬಾಚಿದರೆ ಬಾಚಣಿಗೆಯಲ್ಲಿ ಬಂತು.

ಮಂಡ್ಯ ಸೀಮೆಯ ನಮಗೆ ಮುಳಬಾಗಿಲು ಎಂದರೆ ಆಗ ಬೇರೆ ದೇಶವೇ. ಎತ್ತು ಕೊಳ್ಳಲು ಈ ಕಡೆಗೆ ಬಂದ ನಮ್ಮಪ್ಪ ಸಂಬಂಧವನ್ನೂ ಕುದುರಿಸಿಕೊಂಡು ಬಂದ. ಎತ್ತನ್ನು ಹಲ್ಲು ಹಿಡಿದು ನೋಡಿದ, ಮನೆಯನ್ನು ನೋಡಲಿಲ್ಲ. ಅಲ್ಲಿ ನಮ್ಮದು ತೊಟ್ಟಿ ಮನೆ, ನಡುವೆ ಆಕಾಶ ಕಾಣುತ್ತಿತ್ತು. ಇಲ್ಲಿ ದೇವರಾಯಸಮುದ್ರದ ಕೆರೆಯ ಹಿಂದಿನ ಊರು, ತಗ್ಗು ಮಾಡಿನ ಮನೆ, ಹಗಲಲ್ಲೂ ಮಬ್ಬು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಅಲ್ಲಿ ಕಾಲುವೆ ನೀರು ಮನೆ ಹಿಂದೆಯೇ ಹರಿಯುತ್ತಿತ್ತು, ಇಲ್ಲಿ ಬಾವಿಗೆ ಹಗ್ಗ ಬಿಟ್ಟರೆ ನೀರಿನ ಸದ್ದು ಕೇಳಲೇ ಎಷ್ಟೋ ಹೊತ್ತು. ಅಲ್ಲಿ ಅನ್ನ, ಇಲ್ಲಿ ಮೂರು ಹೊತ್ತೂ ರಾಗಿ. ಅವರೆ ಕಾಲದಲ್ಲಿ ಮಾತ್ರ ಇವರ ಸಾರಿಗೆ ಸಮ ಯಾವುದೂ ಇಲ್ಲ, ಅದರಲ್ಲಿ ಸುಳ್ಳು ಹೇಳಬಾರದು. ಮನೆಯ ಮಾತು ತೆಲುಗು. ಅತ್ತೆಗೆ ಎರಡೂ ಬರುತ್ತಿತ್ತು. ಬೈಯುವುದು ತೆಲುಗಿನಲ್ಲಿ, ಕೆಲಸ ಹೇಳುವುದು ಕನ್ನಡದಲ್ಲಿ.

ಆ ಬೆಳಿಗ್ಗೆ ಗೋಡೆ ನೋಡಿ ಅತ್ತೆ ನನ್ನ ಕಡೆ ತಿರುಗಿದರು.

"ಏಮೇ, ಈಟ್ನಿ ಪುಟ್ನಿಂಟಿನಿಂಚೇ ತೆಚ್ಚಿನಾವಾ?"

ಇವನ್ನೂ ತವರಿಂದಲೇ ತಂದೆಯಾ ಎಂದು ಕೇಳಿದರೆಂದು ಓರಗಿತ್ತಿ ಮುನಿಯಮ್ಮ ಬಿಡಿಸಿ ಹೇಳಿದಳು. ಹೇಳದಿದ್ದರೂ ನಡೆಯುತ್ತಿತ್ತು, ಮುಖದಲ್ಲೇ ಬರೆದಿತ್ತು.

ಅವರ ಭಯಕ್ಕೆ ಕಾರಣವಿತ್ತು. ಹಿಂದಿನ ಕೋಣೆಯಲ್ಲಿ ತಟ್ಟೆ ತಟ್ಟೆ ರೇಷ್ಮೆ ಹುಳ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ, ಅಂದರೆ ಕೊನೆಯದು, ಮುಗಿದಿತ್ತು. ಇನ್ನು ಹುಳ ಹಣ್ಣಾಗಿ ಗೂಡು ಕಟ್ಟಬೇಕು. ಮನೆಯ ವರ್ಷದ ಬದುಕು ಆ ತಟ್ಟೆಗಳಲ್ಲಿತ್ತು. ಆ ದಿನಗಳಲ್ಲಿ ರೇಷ್ಮೆ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ. ಕಿಟಕಿ ಗವಾಕ್ಷಿಗೆಲ್ಲ ಹಲಗೆ, ದಾರಿಹೋಕರ ದೃಷ್ಟಿ ಬೀಳಬಾರದೆಂದು. ಅಂಥ ಮನೆಗೆ ಈ ಕೆಂಪು ಹುಳ ನುಗ್ಗಿತ್ತು. ರೇಷ್ಮೆ ಹುಳ ಸೊಪ್ಪು ಕಡಿಮೆ ತಿನ್ನುತ್ತಿದೆ ಎಂದರು ಅತ್ತೆ. ಹೊಸಬಳು ನಾನೊಬ್ಬಳೇ.

"ಸೋಮವಾರ ಬಂಡಿ ಕಟ್ಟು. ಮುಳಬಾಗಿಲಲ್ಲಿ ಬಸ್ಸು ಹತ್ತಿಸ್ಬಿಡು ಇವಳನ್ನ," ಎಂದರು ಮಗನಿಗೆ. "ಹುಳ ಗೂಡು ಕಟ್ಟಿದ್ರೆ ಕರ್ಕೊಂಡ್ ಬರೋಣ. ಕಟ್ಲಿಲ್ಲಾಂದ್ರೆ ಅಲ್ಲೇ ಇರ್ಲಿ."

"ಸರಿ ಕಣಮ್ಮ," ಎಂದರು ನಮ್ಮ ಮನೆಯವರು. ಅವರಿಗೆ ಅದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ, ಎರಡು ಭಾಷೆಯಲ್ಲೂ.

ತವರಿಗೆ ಹೋಗುವ ಆಸೆ ನನಗಿರಲಿಲ್ಲವೆಂದರೆ ಸುಳ್ಳು. ಊರಲ್ಲಿ ಆಲೆಮನೆ ಶುರುವಾಗಿರುತ್ತದೆ, ಬಿಸಿ ಬೆಲ್ಲದ ವಾಸನೆ ಎಲ್ಲೆಲ್ಲೂ. ಆದರೆ ಹೀಗೆ ವಾಪಸು ಹೋದವಳ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಅಕ್ಕನ ಕಾಲ್ಗುಣ ಸರಿಯಿಲ್ಲವೆಂದರೆ ಅವರನ್ನು ಯಾರು ಕೇಳಿಕೊಂಡು ಬರುತ್ತಾರೆ?

ಸೋಮವಾರದವರೆಗೆ ನನ್ನ ಜಾಗ ದನದ ಕೊಟ್ಟಿಗೆಯ ಜಗುಲಿ. ಅಲ್ಲಿ ಕೂತಿದ್ದಕ್ಕೇ ಕಣ್ಣಿಗೆ ಬಿತ್ತು. ಸಂಜೆ ಹೊಲದಿಂದ ಬಂಡಿ ಬಂತು. ಇವರು ಅವರೆಯನ್ನು ಬಳ್ಳಿ ಸಮೇತ ಕಿತ್ತು ತಂದು, ಮಂಜಿಗೆ ಕಾಯಿ ಕಪ್ಪಾದೀತೆಂದು ನಡುಮನೆಯಲ್ಲೇ ರಾಶಿ ಹಾಕಿ, ಬೆಚ್ಚಗೆ ಕೂತು ಬಿಡಿಸುತ್ತಾರೆ. ಇಳಿಸುವಾಗ ಒಂದು ಬಳ್ಳಿ ನನ್ನ ಮುಂದೆ ಬಿತ್ತು. ಕುಡಿಯ ತುಂಬ ಕರಿ ಹೇನು, ಹೇನಿನ ಮೇಲೆ ಸಾಲುಗಟ್ಟಿ ಇದೇ ಕೆಂಪು ಹುಳ. ಹೇನು ತಿನ್ನಲು ಬಂದವು, ಬಳ್ಳಿಯ ಜೊತೆ ಮನೆಗೆ ಬರುತ್ತಿದ್ದವು.

"ಅತ್ತೆ, ಅವ್ರೆ ಗುಡ್ಡೆ ಒಳಗಿಂದ್ಲೇ ಬತ್ತಾವೆ ಕಣತ್ತೆ," ಎಂದೆ.

"ಬತ್ತಾವಂತೆ!" ಮುನಿಯಮ್ಮ ನಕ್ಕಳು. "ಯಾವೂರ್ ಮಾತೇ ಅದು?"

"ನಮ್ಮತ್ತೆ ಕಾಲದಿಂದ ಅವರೆ ಒಳಗೇ ಹಾಕ್ತಿದೀವಿ," ಎಂದರು ಅತ್ತೆ. "ಯಾವತ್ತೂ ಬರದ ಹುಳ ಈ ವರ್ಷ ಯಾಕ್ ಬಂತು?"

"ಈ ವರ್ಷ ಅವ್ರೆಗೆ ಹೇನು ಜಾಸ್ತಿ."

"ಈ ವರ್ಷ ಸೊಸೆನೂ ಜಾಸ್ತಿ."



ಭಾನುವಾರ ಮಧ್ಯಾಹ್ನ ಅತ್ತೆ, ಮುನಿಯಮ್ಮ ಇಬ್ಬರೂ ಹಿಪ್ಪುನೇರಳೆ ಸೊಪ್ಪಿಗೆ ಹೋದರು. ನಮ್ಮ ಮನೆಯವರು ಹುಳದ ಕೋಣೆಯಲ್ಲಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟುಕೊಂಡು. ನಾನು ಸೆರಗು ಸಿಕ್ಕಿಸಿ ಒಳಗೆ ಹೋದೆ. ಅವರೆ ರಾಶಿಯನ್ನು ತಬ್ಬಿ ತಬ್ಬಿ ಎಳೆದು ಅಂಗಳಕ್ಕೆ ಹಾಕಿದೆ. ಗೋಡೆಯ ಮೇಲಿನವು ಕದಲಲಿಲ್ಲ. ಗವಾಕ್ಷಿಯ ಹಲಗೆಯ ಸಂದಿಯಲ್ಲಿ ಗೆರೆಯಷ್ಟು ಬಿಸಿಲಿತ್ತು. ಅದರ ಸುತ್ತ ಮಾತ್ರ ಹುಳ ಒಂದರ ಮೇಲೊಂದು ಮುತ್ತಿದ್ದವು. ಅವಕ್ಕೂ ಹೊರಗೆ ಹೋಗಬೇಕಿತ್ತು.

ಹಲಗೆಗೆ ಕೈ ಹಾಕಿದೆ. ಇದಾದ ಮೇಲೆ ಒಂದು ತಟ್ಟೆ ಹುಳ ಸಪ್ಪಗಾದರೂ ನಾನೇ ಕಾರಣ. ಕಿತ್ತೆ. ಬಿಸಿಲು ಧಬಕ್ಕನೆ ಒಳಗೆ ಬಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ರೆಕ್ಕೆ ಬಿಚ್ಚಿತು, ಇನ್ನೊಂದು ಬಿಚ್ಚಿತು. ಗೋಡೆ ಮೆಲ್ಲಗೆ ಬೆಳಕಿನ ಕಡೆಗೆ ಜರುಗತೊಡಗಿತು. ಬೇಗ ಹೋಗ್ರೋ, ಬೇಗ ಹೋಗ್ರೋ ಎಂದು ನಾನು ಪೊರಕೆಯಿಂದ ತಳ್ಳುತ್ತಿದ್ದೆ.

"ಯಾರೇ ಹಲಗೆ ತೆಗ್ದಿದ್ದು?"

ಬಾಗಿಲಲ್ಲಿ ಅತ್ತೆ, ತಲೆಯ ಮೇಲೆ ಸೊಪ್ಪಿನ ಮಂಕರಿ.

"ನಾನೇ."

ಮಂಕರಿ ಇಳಿಸಿ ಹತ್ತಿರ ಬಂದರು. ಹೊಡೆಯುತ್ತಾರೆಂದೇ ನಿಂತಿದ್ದೆ. ಅಷ್ಟರಲ್ಲಿ ಗೋಣಿಯ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು. "ಅಮ್ಮಾ, ಹಣ್ಣಾಗ್ತಿದೆ. ಬೇಗ ಬಾ."

ಹಣ್ಣಾದ ಹುಳ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ವ್ಯರ್ಥ. ಕೈ ಸಾಲವು, ಹೊರಗಿನವರನ್ನು ಕರೆಯುವಂತಿಲ್ಲ. ಅತ್ತೆ ಗೋಣಿ ಸರಿಸಿ ತಿರುಗಿ ನೋಡಿದರು.

"ಕೈ ತೊಳ್ಕೊಂಡ್ ಬಾ," ಎಂದರು. ಕನ್ನಡದಲ್ಲಿ.

ದೀಪ ಹಚ್ಚುವ ಹೊತ್ತಿಗೆ ಬಹುಪಾಲು ಹುಳ ಚಂದ್ರಂಕಿ ಏರಿ ನೂಲು ಬಿಡತೊಡಗಿದ್ದವು. "ಇವಳನ್ನ ಆಚೆ ಕೂರ್ಸಿದ್ದಕ್ಕೇ ಹಣ್ಣಾಯ್ತು," ಎಂದು ಅತ್ತೆ ಮುನಿಯಮ್ಮನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ನನಗೆ, "ಬಂಡಿ ಹೇಳಾಗಿದೆ. ಹೋಗೋದಾದ್ರೆ ಹೋಗ್ಬಿಟ್ ಬಾ. ನಿನ್ನಿಷ್ಟ."

ಮಾರನೆಯ ಬೆಳಿಗ್ಗೆ ನಾನು ಬಂಡಿ ಹತ್ತಿದೆ. ಅತ್ತೆ ಹೊಸಿಲಲ್ಲಿ ನಿಂತು ನೋಡಿದರು. ಕೆರೆ ಏರಿ ದಾಟಿದ ಮೇಲೆ ದಾರಿ ಎರಡಾಗುತ್ತದೆ. ನಮ್ಮ ಮನೆಯವರು ಎತ್ತು ನಿಲ್ಲಿಸಿದರು.

"ಮುಳಬಾಗಿಲಿಗಾ?"

"ಹೊಲಕ್ಕೆ."

ಇನ್ನೊಂದು ಬಂಡಿಯಷ್ಟು ಅವರೆ ಹೊಲದಲ್ಲೇ ಉಳಿದಿತ್ತು. ಬಳ್ಳಿಯನ್ನು ಕೀಳಲಿಲ್ಲ. ಮಂಜಿನಲ್ಲೇ ಬಗ್ಗಿ, ಕಾಯಿ ಮಾತ್ರ ಬಿಡಿಸಿ ಗೋಣಿಗೆ ತುಂಬಿದೆ, ಹೇನೂ ಹುಳವೂ ಅಲ್ಲೇ ಇರಲೆಂದು. ಆ ಹೊಲದಿಂದ ಮುಳಬಾಗಿಲ ರಸ್ತೆ ಕಾಣುತ್ತದೆ. ಬಸ್ಸು ಹೋಯಿತು. ಸೊಂಟ ನೆಟ್ಟಗೆ ಮಾಡಿ, ಧೂಳು ಅಡಗುವ ತನಕ ನಿಂತು ನೋಡಿದೆ. ಆಮೇಲೆ ಮತ್ತೆ ಬಗ್ಗಿದೆ.