ಕೈ ಬೀಸಿದ್ದಕ್ಕೆ ಒಂದೂವರೆ ಅಂಕ

ಹಿಮವನ್ನು ನಾನು ಕಣ್ಣಾರೆ ಕಂಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಈ ಸಲದ ಚಳಿಗಾಲದ ಕ್ರೀಡಾಕೂಟದ ಹೊತ್ತಿಗೆ, ಬಹ್ರೇನಿನ ಗುಫೂಲ್ ಬಡಾವಣೆಯ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಫ್ರೀಸ್ಟೈಲ್ ಸ್ಕೀಯಿಂಗಿನ ಉಚ್ಚ ನ್ಯಾಯಪೀಠವೊಂದು ಸ್ಥಾಪನೆಯಾಯಿತು. ಪೀಠದಲ್ಲಿ ಮೂವರು: ಅಸ್ಕರ್ ಕಡೆಯ ಕಾರ್ಖಾನೆಯೊಂದರಲ್ಲಿ ತಗಡಿನ ದಪ್ಪ ಅಳೆದು ಪಾಸು ಫೇಲು ಮಾಡುವ ನಾನು, ನರ್ಸ್ ಆಗಿರುವ ನನ್ನ ಹೆಂಡತಿ, ಮತ್ತು ಕೆಳಗಿನ ಮನೆಯ ಹನ್ನೊಂದು ವರ್ಷದ ಹುಡುಗಿ. ಅವಳ ತಂದೆ ತಾಯಿ ಮಂಗಳೂರಿನವರು, ಇಬ್ಬರೂ ಕೆಲಸದಿಂದ ಬರುವುದು ತಡ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅವಳು ನಮ್ಮಲ್ಲೇ. ರೋಲರ್ ಸ್ಕೇಟ್ ಹಾಕಿಕೊಳ್ಳಲು ಯಾರಾದರೂ ಬಿಡದಿದ್ದಾಗ ಮಾತ್ರ ಆಕೆ ನಡೆಯುತ್ತಾಳೆ.

ನಮ್ಮ ಪೀಠ ವಿಚಾರಣೆಗೆ ಎತ್ತಿಕೊಂಡದ್ದು ದೊಡ್ಡ ಜಿಗಿತದ ವಿಭಾಗವನ್ನು. ಇಳಿಜಾರಿನಲ್ಲಿ ಜಾರಿ ಬಂದು, ಗಾಳಿಯಲ್ಲಿ ನಾಲ್ಕೈದು ಸುತ್ತು ಸುತ್ತಿ, ಮತ್ತೆ ಹಿಮದ ಮೇಲೆ ನಿಲ್ಲಬೇಕು. ಯಾರು ಬೇಗ ಬಂದರು ಎಂದು ನೋಡುವ ಗಡಿಯಾರವಿಲ್ಲ. ಎಲ್ಲವೂ ತೀರ್ಪುಗಾರರ ಕಣ್ಣಳತೆ. ಎಲ್ಲರಿಗಿಂತ ಹೆಚ್ಚು ಕೊಟ್ಟವರ ಅಂಕವನ್ನೂ ಎಲ್ಲರಿಗಿಂತ ಕಡಿಮೆ ಕೊಟ್ಟವರ ಅಂಕವನ್ನೂ ಬಿಟ್ಟು, ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಮನುಷ್ಯರನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಬಲ್ಲವರು ಮಾಡಿದ ನಿಯಮ.

ನಾನು ಹಾಳೆಗೆ ಗೆರೆ ಎಳೆದು ಗಂಭೀರವಾಗಿ ಕೂರುತ್ತಿದ್ದೆ. ಒಬ್ಬ ತೀರ್ಪುಗಾರ ತನ್ನ ದೇಶದವನಿಗೇ ಕೈಬಿಚ್ಚಿ ಕೊಡುತ್ತಿದ್ದಾನೆಂದು ಎರಡನೆಯ ದಿನವೇ ನನಗೆ ಖಾತ್ರಿಯಾಯಿತು. ಅಲ್ಲಿಂದ ಮುಂದೆ ಅವನಿಗೆ ದಿನವೂ ನನ್ನ ಸೋಫಾದಿಂದ ಛೀಮಾರಿ.

"ಅದಿರಲಿ, ನೀವು ಎಷ್ಟು ಕೊಟ್ರಿ?" ಎಂದಳು ಹೆಂಡತಿ.

"ಬರೀತಾ ಇದ್ದೇನೆ."

"ಟಿವಿಯಲ್ಲಿ ನಂಬರ್ ಬಂದ ಮೇಲೆಯೇ ನಿಮ್ಮ ಪೆನ್ನು ಓಡುದು, ಮಾರಾಯ್ರೆ."

"ಅಂಕಲ್ ಕಾಪಿ ಹೊಡೀತಾರೆ ಆಂಟಿ," ಎಂದು ಪೀಠದ ಕಿರಿಯ ಸದಸ್ಯೆ ದೂರು ದಾಖಲಿಸಿದಳು.

ಇಂಥ ನನ್ನ ನಿಷ್ಪಕ್ಷಪಾತದ ಕೀರ್ತಿ ಲಿಫ್ಟಿನಲ್ಲಿ ಇಳಿದು ಹೊರಗೂ ಹಬ್ಬಿರಬೇಕು. ಸನದ್ ಬಡಾವಣೆಯಲ್ಲಿ ಮಕ್ಕಳ ಫ್ರೀಸ್ಟೈಲ್ ರೋಲರ್ ಸ್ಕೇಟಿಂಗ್ ಸ್ಪರ್ಧೆ ಏರ್ಪಡಿಸಿದವರು, ಒಬ್ಬ ತೀರ್ಪುಗಾರರು ಕಡಿಮೆ ಬಿದ್ದಾಗ ನನ್ನನ್ನು ಕರೆದರು. ಮೊದಲ ಬಹುಮಾನ ದುಬೈಯ ಒಳಾಂಗಣ ಹಿಮದ ಮೇಲೆ ಮೂರು ದಿನದ ಸ್ಕೀ ತರಬೇತಿ. ಕೆಳಗಿನ ಮನೆಯ ಹುಡುಗಿ ಆ ಹಿಮಕ್ಕಾಗಿ ಒಂದು ತಿಂಗಳಿಂದ ನಮ್ಮ ಪಾರ್ಕಿಂಗಿನಲ್ಲಿ, ಕೋಚ್ ಕಲಿಸಿದ ಒಂದೇ ಜಿಗಿತವನ್ನು ಅಭ್ಯಾಸ ಮಾಡುತ್ತಿದ್ದಳು. ಒಂದೂವರೆ ಸುತ್ತು ಸುತ್ತಿ ಹಿಮ್ಮುಖವಾಗಿ ಇಳಿಯುವುದು. ಅವಳು ಸ್ಪರ್ಧೆಯಲ್ಲಿದ್ದಾಳೆಂದು ಸಂಘಟಕರಿಗೆ ಮೊದಲೇ ತಿಳಿಸಿದ್ದೆ. "ಪರವಾಗಿಲ್ಲ, ಬಹ್ರೇನ್ ಇರುವುದೇ ಇಷ್ಟು, ಎಲ್ಲರಿಗೂ ಎಲ್ಲರೂ ಗೊತ್ತು," ಎಂದರು. ಮೂವರೇ ತೀರ್ಪುಗಾರರು, ಹೆಚ್ಚು ಕಡಿಮೆಗಳನ್ನು ಬಿಡುವ ಅನುಕೂಲವೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಕೋಟು ತೊಟ್ಟು, ಹೆಂಡತಿಯನ್ನೂ ಹುಡುಗಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ ಕುಳಿತೆ. ಅವಳ ಸರದಿ ಬಂತು. ಅಂಗಳದ ನಡುವೆ ನಿಂತವಳು ನನ್ನ ಕಡೆ ತಿರುಗಿ, ಎರಡೂ ಕೈ ಎತ್ತಿ ಬೀಸಿ, "ಅಂಕಲ್!" ಎಂದು ಕೂಗಿದಳು. ಸಭೆಯೆಲ್ಲ ನನ್ನನ್ನು ನೋಡಿತು. ಪಕ್ಕದ ತೀರ್ಪುಗಾರ್ತಿ ಮುಗುಳ್ನಕ್ಕರು.

ನಮ್ಮ ಕಡೆಯ ಮದುವೆಗಳಲ್ಲಿ ಹೋಳಿಗೆ ಬಡಿಸಲು ನಿಂತವನು ತನ್ನ ಮನೆಯವರ ಎಲೆ ಬಂದಾಗ ಅರ್ಧ ಹೋಳಿಗೆ ಹಾಕಿ ಮುಂದೆ ಹೋಗುತ್ತಾನೆ. ಯಾರೂ ಏನೂ ಅನ್ನಬಾರದಲ್ಲ! ನನ್ನ ಕೈಯೂ ಹಾಗೆಯೇ ಮುಂದೆ ಹೋಯಿತು. ಅವಳು ಸುತ್ತಿ, ಅಲುಗಾಡದೆ ಇಳಿದಳು. ಏಳು ಬರೆದೆ. ಆಮೇಲೆ ಬಂದ ಇನ್ನೊಬ್ಬ ಹುಡುಗಿ ಅದೇ ಜಿಗಿತ ಮಾಡಿ, ಇಳಿಯುವಾಗ ಬೆರಳು ನೆಲಕ್ಕೆ ತಾಗಿಸಿದಳು. ಎಂಟು ಬರೆದೆ. ಒಟ್ಟು ಮಾಡಿದಾಗ ಅರ್ಧ ಅಂಕದಲ್ಲಿ ಆ ಹುಡುಗಿ ಮೊದಲು, ನಮ್ಮವಳು ಎರಡನೆಯವಳು.

ಬೈದುಕೊಳ್ಳುತ್ತಾಳೆಂದು ಸಿದ್ಧನಾಗಿದ್ದೆ. ಬಂದವಳು ಕೇಳಿದ್ದು ಇಷ್ಟೇ: "ಅಂಕಲ್, ನನ್ನ ಜಂಪ್‌ನಲ್ಲಿ ಎಂತ ಮಿಸ್ಟೇಕ್? ಹೇಳಿ, ಕರೆಕ್ಟ್ ಮಾಡ್ತೇನೆ."

ನೇರ ಮುಖ್ಯ ತೀರ್ಪುಗಾರ್ತಿಯ ಬಳಿ ಹೋಗಿ, ನನ್ನ ತೀರ್ಪಿನ ಮೇಲೆ ನಾನೇ ಮೇಲ್ಮನವಿ ಸಲ್ಲಿಸಿದೆ. ಆಕೆ ಫಿಲಿಪ್ಪೀನ್ಸಿನವರು, ಮಿತಭಾಷಿ. ಕೂಡಿಸಿದ್ದು ತಪ್ಪಿದ್ದರೆ ತಿದ್ದಬಹುದು, ಫಲಿತಾಂಶ ನೋಡಿದ ಮೇಲೆ ಅಭಿಪ್ರಾಯ ಬದಲಿಸಿದರೆ ಅದಕ್ಕೆ ಬೇರೆ ಹೆಸರಿದೆ ಎಂದರು. ಅತ್ತ ಕಪ್ಪು ಹಿಡಿದು ಅಜ್ಜಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಮಗುವನ್ನು ತೋರಿಸಿ, ಕಿತ್ತುಕೊಳ್ಳಲು ನೀವೇ ಹೋಗುತ್ತೀರಾ ಎಂದು ಕೇಳಿದರು. ನಾನು ಹೋಗಲಿಲ್ಲ.

ಕಾರಿನಲ್ಲಿ ಹಿಂದಿನ ಸೀಟಿನಿಂದ ಹುಡುಗಿ ಹೇಳಿದಳು, "ಏಳು ಬಂದದ್ದು ನೋಡಿ ನನ್ನ ಕೋಚ್ ಆ ಜಂಪ್ ಬಿಡ್ಲಿಕ್ಕೆ ಹೇಳಿದ್ರು. ನಾಳೆಯಿಂದ ಬೇರೆ."

ಹಿಮವಂತೂ ಹೋಯಿತು, ಈಗ ಜಿಗಿತವೂ ಹೋಗುವುದರಲ್ಲಿತ್ತು.

"ಜಂಪ್ ಸರಿ ಇತ್ತು," ಎಂದೆ. "ಎಂಟೂವರೆ ಕೊಡಬೇಕಿತ್ತು."

"ಮತ್ತೆ?"

"ನೀನು ಕೈ ಬೀಸಿದೆಯಲ್ಲ. ಎಲ್ಲರೂ ನೋಡಿದರು."

"ಕೈ ಬೀಸಿದ್ರೆ ಮಾರ್ಕ್ಸ್ ಕಟ್ ಅಂತ ರೂಲ್ ಉಂಟಾ?"

"ಇಲ್ಲ."

"ಹತ್ತು ದಿವಸ ಆ ಟಿವಿಯವನಿಗೆ ಬೈದದ್ದೇ ಬೈದದ್ದು," ಎಂದಳು ಹೆಂಡತಿ. "ಅವನಾದ್ರೂ ತನ್ನವರಿಗೆ ಕೊಟ್ಟ."

ಹುಡುಗಿ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬರೆದು ಕೊಡಿ. ಕೋಚ್‌ಗೆ ತೋರಿಸ್ಬೇಕು," ಎಂದಳು.

ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು, ಕಾರ್ಖಾನೆಯ ತಪಾಸಣಾ ವರದಿಯ ಕ್ರಮದಲ್ಲೇ ಬರೆದೆ. ಜಿಗಿತ: ದೋಷರಹಿತ. ಸಲ್ಲಬೇಕಾದ ಅಂಕ: ಎಂಟೂವರೆ. ಕೊಟ್ಟದ್ದು: ಏಳು. ವ್ಯತ್ಯಾಸಕ್ಕೆ ಕಾರಣ: ತೀರ್ಪುಗಾರನ ಹೆದರಿಕೆ. ಕೋಚ್‌ಗೆ ಕನ್ನಡ ಬಾರದೆಂದು ಕೆಳಗೆ ಇಂಗ್ಲಿಷಿನಲ್ಲೂ ಬರೆಸಿದಳು. ಸಹಿ ಮಾಡಿದೆ.

ಅವಳು ಎರಡು ಸಲ ಓದಿದಳು. "ಡೇಟ್ ಹಾಕ್ಲಿಲ್ಲ ಅಂಕಲ್."

"ಸೀಲ್ ಬೇಡವಾ?" ಎಂದಳು ಹೆಂಡತಿ.

ತಾರೀಕು ಹಾಕಿದೆ. ಮರುದಿನ ಕೋಚ್ ಆ ಜಿಗಿತವನ್ನು ಉಳಿಸಿಕೊಂಡರು. ತೀರ್ಪುಗಾರರ ಪಟ್ಟಿಯಲ್ಲಿ ನನ್ನನ್ನು ಉಳಿಸಿಕೊಳ್ಳಬಾರದೆಂದು ಸಂಘಟಕರಿಗೆ ಶಿಫಾರಸು ಮಾಡಿದವರೂ ಅವರೇ.