ವಿಮಾನ ಒಲ್ಲೆಂದರೆ ಜೀಪು: ಉಟಗಿಯಿಂದ ಕೆನಡಾಕ್ಕೆ

ನಮ್ಮೂರ ಜೀಪು ಹೊರಡುವುದು ಗಡಿಯಾರ ನೋಡಿ ಅಲ್ಲ, ಸೀಟು ನೋಡಿ. ಆಗಸ್ಟ್ ಕೊನೆಯ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಉಟಗಿಯ ಸ್ಟ್ಯಾಂಡಿನಲ್ಲಿ ನನ್ನ ತಂದೆ, ಅಬ್ಬಾ, ನನ್ನ ಎರಡು ಬ್ಯಾಗುಗಳನ್ನು ತಮ್ಮ ಜೀಪಿನ ಮೇಲೆ ಹಗ್ಗ ಹಾಕಿ ಬಿಗಿದರು. ಒಳಗೆ ಮೂರೇ ಜನ ಕುಳಿತಿದ್ದರು. "ಇನ್ನ ಆರು ಸೀಟ ಬೇಕು ಶಬ್ಬೂ, ಸುಮ್ಕ ಕುಂದ್ರು" ಎಂದರು. ನನಗೋ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ನಿಲ್ಲುವುದಾದರೂ ಹೇಗೆ? ಮುಂದಿನ ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾನು ಕೆನಡಾದಲ್ಲಿ ಶಾಲಾ ಬಸ್ಸಿನ ಸ್ಟೇರಿಂಗ್ ಹಿಡಿದಿರಬೇಕಿತ್ತು. ಎರಡು ವರ್ಷ ಯಾರಾದರೂ ರಜೆ ಹಾಕಿದ ದಿನ ಮಾತ್ರ ಬಸ್ಸು ಓಡಿಸಿದವಳು ನಾನು. ಈ ವರ್ಷ ಮೊದಲ ಬಾರಿಗೆ ನನ್ನದೇ ಒಂದು ರೂಟು ಸಿಕ್ಕಿತ್ತು. ಶಾಲೆ ತೆರೆಯುವ ದಿನ ಹಾಜರಿದ್ದರೆ ರೂಟು ನನ್ನದು, ಇಲ್ಲದಿದ್ದರೆ ಪಾಳಿಯಲ್ಲಿ ನನ್ನ ಹಿಂದೆ ನಿಂತವರದು ಎಂದು ಮೇಲ್ವಿಚಾರಕಿ ಸ್ಪಷ್ಟವಾಗಿ ಬರೆದಿದ್ದಳು. ಆ ದೇಶದ ಖಾಯಂ ನಿವಾಸಿಯೂ ಆಗಿದ್ದೆ. ಆದರೆ ಅದನ್ನು ತೋರಿಸುವ ಕಾರ್ಡು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಕಾರ್ಡಿಲ್ಲದೆ ಯಾವ ವಿಮಾನವೂ ನನ್ನನ್ನು ಕೆನಡಾಕ್ಕೆ ಹತ್ತಿಸಿಕೊಳ್ಳುವುದಿಲ್ಲ.

ತಪ್ಪು ನನ್ನದೇ, ಯಾರ ಮೇಲೂ ಹಾಕುವುದಿಲ್ಲ. ಕಾರ್ಡು ಎಲ್ಲಿಗೆ ಕಳಿಸಬೇಕು ಎಂದು ಫಾರ್ಮಿನಲ್ಲಿ ಕೇಳಿದಾಗ ಕಣ್ಣು ಮುಚ್ಚಿಕೊಂಡು ಬರೆದಿದ್ದೆ: ಮುಕ್ಕಾಂ ಪೋಸ್ಟ್ ಉಟಗಿ, ತಾಲೂಕಾ ಜತ್, ಜಿಲ್ಲಾ ಸಾಂಗಲಿ. ನಮ್ಮ ಕಡೆಯವರಿಗೆ ಇದು ಹುಟ್ಟುಗುಣ. ದುಡಿಯಲು ಎಲ್ಲಿಗೇ ಹೋಗಲಿ, ಬಾಡಿಗೆ ಮನೆಯ ವಿಳಾಸವನ್ನು ಸರ್ಕಾರಿ ಕಾಗದದ ಮೇಲೆ ಬರೆಯುವುದಿಲ್ಲ. ಇಂದು ಇದ್ದ ಮನೆ ನಾಳೆ ಇರುತ್ತದೆಂದು ಯಾರಿಗೆ ಗೊತ್ತು? ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲವೂ ಉಟಗಿಗೇ ಬಂದಿವೆ, ಇದೂ ಬರುತ್ತದೆ, ಬೇಸಿಗೆ ರಜೆಗೆ ಹೋದಾಗ ತಂದರಾಯಿತು ಎಂದುಕೊಂಡೆ. ನನ್ನ ಗಂಡ ಇರ್ಫಾನ್ ಮಿರಜಿನವರು, ಕೆನಡಾದ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಅವರು ತಮ್ಮ ಫಾರ್ಮಿನಲ್ಲಿ ಬಾಡಿಗೆ ಮನೆಯ ವಿಳಾಸ ಬರೆದಿದ್ದರು. ಊರಿನ ಮೇಲೆ ಅಭಿಮಾನವೇ ಇಲ್ಲ ನಿಮಗೆ ಎಂದು ಆಗ ನಾನೇ ಅವರನ್ನು ಹಂಗಿಸಿದ್ದೆ!

ಜುಲೈಯಲ್ಲಿ ಊರಿಗೆ ಬಂದವಳು ದಿನಾ ಪೋಸ್ಟ್‌ಮನ್ ಸಿದ್ದಣ್ಣನ ದಾರಿ ಕಾದೆ. "ತಂಗಿ, ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಇವತ್ತಿಲ್ಲ ನಾಳಿ ಬರ್ತೈತಿ ತಗೊ" ಎಂದು ಅವನು ಸಮಾಧಾನ ಹೇಳುತ್ತಲೇ ಇದ್ದ. ಐದನೇ ವಾರ ಸಂಶಯ ಬಂದು ಹಳೆಯ ಮೇಲುಗಳನ್ನೆಲ್ಲ ಕೆದಕಿದೆ. ಜಾಹೀರಾತುಗಳ ನಡುವೆ ಅದು ಮಲಗಿತ್ತು: ನಾವು ಕಾರ್ಡನ್ನು ದೇಶದ ಹೊರಗೆ ಕಳಿಸುವುದಿಲ್ಲ, ಇಲ್ಲಿಯ ವಿಳಾಸ ಕೊಡಿ. ಹೊರಗಿನಿಂದಲೇ ಬೇರೊಂದು ಪ್ರವಾಸ ಪತ್ರಕ್ಕೆ ಅರ್ಜಿ ಹಾಕಬಹುದಿತ್ತು, ಆದರೆ ಪಾಸ್‌ಪೋರ್ಟ್ ದಿಲ್ಲಿಗೆ ಹೋಗಿ ಬರುವಷ್ಟರಲ್ಲಿ ಶಾಲೆ ತೆರೆದು ರೂಟು ಬೇರೆಯವರ ಪಾಲಾಗಿರುತ್ತಿತ್ತು.

ದಾರಿ ತೋರಿಸಿದವಳು ಹರ್ಜೀತ್. ಅವಳೂ ನನ್ನಂತೆ ಕೆನಡಾದಲ್ಲಿ ಬಸ್ ಡ್ರೈವರು, ಪಂಜಾಬಿನವಳು. ಫೋನಿನಲ್ಲಿ ಹಿಂದಿಯಲ್ಲಿ ನನ್ನನ್ನು ಚೆನ್ನಾಗಿ ಬೈದು, ಆಮೇಲೆ ಹೇಳಿದಳು: "ವಿಮಾನ, ಬಸ್ಸು, ರೈಲು ಯಾವುದೂ ಕಾರ್ಡಿಲ್ಲದೆ ಹತ್ತಿಸಿಕೊಳ್ಳುವುದಿಲ್ಲ. ಆದರೆ ಅಮೆರಿಕದ ಕಡೆಯಿಂದ ಖಾಸಗಿ ಗಾಡಿಯಲ್ಲಿ ಗಡಿಗೆ ಬಂದರೆ, ಪಾಸ್‌ಪೋರ್ಟನ್ನೂ ಖಾಯಂ ನಿವಾಸಿಯಾದಾಗ ಕೊಟ್ಟ ನಿವಾಸದ ಕಾಗದವನ್ನೂ ನೋಡಿ ಒಳಗೆ ಬಿಡುತ್ತಾರೆ. ನಿನಗೆ ಅಮೆರಿಕದ ವೀಸಾ ಇದೆಯಲ್ಲ? ನನ್ನ ತಂಗಿಯ ಮದುವೆಗೆ ಮಾಡಿಸಿದ್ದು?" ಇತ್ತು! ಅವಳ ತಂಗಿ ಇರುವುದು ಗಡಿಯಾದ ನಯಾಗರಾ ನದಿಯ ಆಚೆ, ಅಮೆರಿಕದ ದಂಡೆಯ ಬಫಲೋದಲ್ಲಿ. ಅಲ್ಲಿಯ ತನಕ ನಾನು ವಿಮಾನದಲ್ಲಿ ಬರಬೇಕು, ಅಲ್ಲಿಂದ ಹರ್ಜೀತಳ ಗಾಡಿ. ಇರ್ಫಾನ್‌ಗೆ ಆ ವೀಸಾ ಇಲ್ಲ, ಗಡಿಯ ಸೇತುವೆಯ ಕೆನಡಾ ಬದಿಯಲ್ಲಿ ಕಾಯುವುದಷ್ಟೇ ಅವರ ಕೆಲಸ.

ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾ ತೊಡೆ ತಟ್ಟಿ ನಕ್ಕರು. ಅವರು ಮೂವತ್ತು ವರ್ಷದಿಂದ ಉಟಗಿ-ಜತ್ ದಾರಿಯಲ್ಲಿ ವಡಾಪ್ ಹೊಡೆಯುವವರು, ಅಂದರೆ ಸೀಟಿನ ಲೆಕ್ಕದಲ್ಲಿ ಜನರನ್ನು ಒಯ್ಯುವ ಜೀಪು. ಸರ್ಕಾರಿ ಎಸ್.ಟಿ. ಬಸ್ಸು ತಪ್ಪಿದವರು, ಅದರಲ್ಲಿ ಹತ್ತಿಸಿಕೊಳ್ಳದ ಕುರಿ, ಚೀಲ, ಕೋಳಿ ಎಲ್ಲವೂ ಅವರ ಜೀಪಿಗೇ ಬರುತ್ತವೆ. "ಅಲ್ಲೂ ಹಂಗ ಐತೇನು? ದೊಡ್ಡ ಗಾಡಿ ಒಲ್ಲೆ ಅಂದ್ರ ಜೀಪ!" ಎಂದರು. ಮರುದಿನವೇ ನನ್ನ ನಿವಾಸದ ಕಾಗದವನ್ನು ಜತ್ತಿಗೆ ಒಯ್ದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು, ನನ್ನನ್ನು ಕೇಳದೆ.

ಎಂಟು ಗಂಟೆಗೆ ಸೀಟು ತುಂಬಿತು. ಕೊನೆಗೆ ಹತ್ತಿದವಳು ಮುದುಕಿ ಗಂಗವ್ವ ಆಯಿ, ಬಾಲಗಾಂವದ ಮಗಳ ಮನೆಯಿಂದ ಬಂದು ಜತ್ತಿನ ದವಾಖಾನೆಗೆ ಹೊರಟಿದ್ದಳು. ನಮ್ಮನೆಯಲ್ಲಿ ಮಾತು ದಖನಿ ಉರ್ದು, ಆದರೆ ಜೀಪು ಹತ್ತಿದರೆ ಕನ್ನಡವೇ. ಇದು ಅಬ್ಬಾನ ಕಾಯ್ದೆ. ಡ್ರೈವರು ತನ್ನ ಮಗಳೊಡನೆ ಬೇರೆ ಮಾತಾಡಿದರೆ, ತಮ್ಮ ಬಗ್ಗೆಯೇ ಆಡುತ್ತಿದ್ದಾರೆಂದು ಕುಳಿತವರಿಗೆ ಅನಿಸಬಾರದಂತೆ. ಎಲ್ಲರೂ ಕುಳಿತ ಮೇಲೆ ಅವರು ಹೊರಗಿನಿಂದ ಜೀಪಿನ ಪತ್ರೆಗೆ, ಅಂದರೆ ತಗಡಿಗೆ, ಎರಡು ಸಲ ಧಪ್ ಧಪ್ ಎಂದು ಬಡಿಯುತ್ತಾರೆ. ಬಡಿದರೆಂದರೆ ಹೊರಟೆವು ಎಂದು ಅರ್ಥ, ಆಮೇಲೆ ಯಾರಿಗೂ ಕಾಯುವುದಿಲ್ಲ.

ಮಳೆ ಸಣ್ಣಗೆ ಹಿಂದಿನ ದಿನ ಬಿದ್ದಿತ್ತು. ಎಡಬಲಕ್ಕೆ ತೊಗರಿ ಮೊಣಕಾಲೆತ್ತರ ಬೆಳೆದಿತ್ತು, ಹೆಸರಿನ ಹೊಲಗಳಲ್ಲಿ ಹೆಂಗಸರು ಕಾಯಿ ಬಿಡಿಸುತ್ತಿದ್ದರು. ಎರಡು ಕಡೆ ಕುರಿ ಹಿಂಡು ದಾರಿ ಕಟ್ಟಿತು. ಸುದ್ದಿ ಊರೆಲ್ಲ ಹರಡಿದ್ದರಿಂದ ಎಲ್ಲರಿಗೂ ನನ್ನ ಕಾರ್ಡಿನದೇ ಚಿಂತೆ.

"ಅಲ್ಲವ್ವಾ, ಆ ಸರಕಾರ ಇರು ಅಂದೈತಿ, ಈ ಇಮಾನದಾವ್ರು ಒಲ್ಲೆ ಅಂತಾರ?" ಎಂದಳು ಗಂಗವ್ವ ಆಯಿ. "ದೇವ್ರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗಾತು."

"ಅದಕ್ಕ ಹಿಂದಿನ ಬಾಗಲದಿಂದ ಹೊಂಟೀನಿ ಆಯಿ."

"ಹಿಂದಿನದರೆ ಇರ್ಲಿ, ಮುಂದಿನದರೆ ಇರ್ಲಿ, ಮನಿ ನಿಂದ ಐತಿಲ್ಲ? ಹೋಗು. ಮತ್ತ ಅಲ್ಲಿ ಏನ ಕೆಲಸಾ ಮಾಡ್ತಿ?"

"ಸಾಲಿ ಬಸ್ ಹೊಡೀತೀನಿ. ನಲವತ್ತು ಹುಡುಗ್ರು."

ಅಬ್ಬಾ ಗೇರು ಬದಲಾಯಿಸಿ ನೇರ ರಸ್ತೆಯನ್ನೇ ನೋಡಿದರು. ಇದರ ಹಿಂದೆ ಒಂದು ಹಳೆಯ ಕಥೆಯಿದೆ. ಹದಿನೆಂಟರ ವಯಸ್ಸಿನಲ್ಲಿ ನಾನು ಈ ಜೀಪಿನ ಸ್ಟೇರಿಂಗಿಗೆ ಎಷ್ಟು ಗೋಗರೆದಿದ್ದೆನೋ! "ಹೆಣ್ಮಗಳು ಗಾಡಿ ಹಿಡದ್ರ ಸೀಟ ಹತ್ತೂದಿಲ್ಲ" ಎಂದು ಅಬ್ಬಾ ಒಮ್ಮೆಯೂ ಕೀಲಿ ಕೊಡಲಿಲ್ಲ. ಬೇರೆ ಏನು ಕೇಳಿದರೂ ಕೊಟ್ಟವರು. ಮದುವೆಯಾದ ಮೇಲೆ ಮಿರಜಿನಲ್ಲಿ ಹಟ ಹಿಡಿದು ಲೈಸೆನ್ಸ್ ತೆಗೆಸಿದೆ. ಆ ಮಾತಿನ ನೋವು ನನಗೆ ಕೆನಡಾದಲ್ಲೂ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಅರ್ಧ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಅಂಗಡಿಯ ಮುಂದೆ ಗಂಗವ್ವ ಆಯಿ ಕಪ್ಪು ಕೆಳಗಿಟ್ಟು ಅಬ್ಬಾನನ್ನು ಹಿಡಿದಳು.

"ಹುಸೇನಾ, ನಿನ್ನ ಮಗಳು ಮಂದಿ ದೇಶದಾಗ ನಲವತ್ತು ಕೂಸಗೋಳ್ನ ಒಯ್ತಾಳ. ನಮ್ಮ ಒಂಬತ್ತು ಮಂದೀನ್ನ ಜತ್ತಿಗೆ ಒಯ್ಯಾಕ ಆಗೂದಿಲ್ಲೇನು ಅಕಿಗೆ?"

"ಆಯಿ, ಸೀಟ ಇಳದ ಹೋಗ್ತಾವ್ರಿ."

"ಯಾವ ಸೀಟ ಇಳೀತೈತಿ ನೋಡೂನು! ನಾ ಮೊದಲ ಹತ್ತಿ ಕುಂದ್ರತೀನಿ." ಹೇಳಿದವಳೇ ಸೀರೆ ಎತ್ತಿಕಟ್ಟಿ ಮುಂದಿನ ಸೀಟಿನಲ್ಲಿ ಹೋಗಿ ಕುಳಿತೂ ಬಿಟ್ಟಳು. ಉಳಿದವರು ನಗುತ್ತ ಒಬ್ಬೊಬ್ಬರಾಗಿ ಹತ್ತಿದರು. ಯಾರೂ ಇಳಿಯಲಿಲ್ಲ.

ಅಬ್ಬಾ ಕೀಲಿ ಕೈಗಿಡುವಾಗ ನನ್ನ ಮುಖ ನೋಡಲಿಲ್ಲ. "ಕ್ಲಚ್ ಮ್ಯಾಲ ಹಿಡೀತೈತಿ, ಸಾವಕಾಶ" ಎಂದಷ್ಟೇ ಹೇಳಿ ಹಿಂದೆ ಹೋಗಿ ಫುಟ್‌ಬೋರ್ಡಿನ ಮೇಲೆ ನಿಂತರು. ಆಮೇಲೆ ಪತ್ರೆಯ ಮೇಲೆ ಧಪ್ ಧಪ್. ಅಯ್ಯೋ, ಆ ಸದ್ದಿಗೆ ನನ್ನ ಮೈಯೆಲ್ಲ ಜುಮ್ಮೆಂದಿತು! ಜತ್ ಮುಟ್ಟುವ ತನಕ ನಾನು ಒಂದು ಹೊಂಡಕ್ಕೂ ಗಾಲಿ ಇಳಿಸಲಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಅಬ್ಬಾ ಬ್ಯಾಗು ಇಳಿಸಿಕೊಟ್ಟರು. "ಚಲೋ ಹೊಡೀತಿ" ಎಂದರು. ನಾನು ಅಳುಬುರುಕಿ ಅಲ್ಲ, ಆದರೂ ಮಿರಜಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅತ್ತೆ.

ಮಿರಜಿನಲ್ಲಿ ಅತ್ತೆಯವರ ಮನೆಯಲ್ಲಿ ಒಂದು ರಾತ್ರಿ ಉಳಿದೆ. ಶುಕ್ರವಾರ ಹಗಲಿನ ರೈಲು ಹಿಡಿದು ಮುಂಬಯಿ ಮುಟ್ಟಿದೆ. ಉಟಗಿಯಿಂದ ನನ್ನ ತಾಯಿ, ಅಮ್ಮಿ, ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಪುಣೆ ಬರುವಷ್ಟರಲ್ಲಿ ಎದುರಿನ ಸೀಟಿನವರೊಡನೆ ಅರ್ಧ ಖಾಲಿ ಮಾಡಿದ್ದೆ. ವಿಮಾನದ ಕೌಂಟರಿನ ಹುಡುಗಿ ಅಮೆರಿಕದ ವೀಸಾ ತಿರುಗಿಸಿ ನೋಡಿ, "ಬಫಲೋದಿಂದ ಮುಂದೆ?" ಎಂದು ಹಿಂದಿಯಲ್ಲಿ ಕೇಳಿದಳು. "ಗೆಳತಿಯ ಗಾಡಿ" ಎಂದೆ. ನನ್ನನ್ನು ಅಲ್ಲಿಂದ ಕರೆದೊಯ್ಯುವುದಾಗಿ ಹರ್ಜೀತ್ ಬರೆದು ಕಳಿಸಿದ್ದ ಪತ್ರವನ್ನು ಅವಳು ಓದಿ ಬೋರ್ಡಿಂಗ್ ಪಾಸ್ ಕೊಟ್ಟಳು. ನ್ಯೂಯಾರ್ಕಿನಲ್ಲಿ ಒಂದು ಗಂಟೆ ಸಾಲು ನಿಂತು, ಇನ್ನೊಂದು ಸಣ್ಣ ವಿಮಾನ ಹತ್ತಿ, ಶನಿವಾರ ಸಂಜೆ ಬಫಲೋದಲ್ಲಿ ಇಳಿದಾಗ ಹರ್ಜೀತ್ ಎರಡೂ ಕೈ ಬೀಸುತ್ತ ನಿಂತಿದ್ದಳು. ಅವಳ ಗಾಡಿ ನೋಡಿ ನಾನು ನಕ್ಕಿದ್ದಕ್ಕೆ ಅವಳಿಗೆ ಕಾರಣ ತಿಳಿಯಲಿಲ್ಲ. ಅದು ಜೀಪೇ ಆಗಿತ್ತು, ಹಳೆಯದು, ಕೆಂಪು ಬಣ್ಣದ್ದು.

ಭಾನುವಾರ ಬೆಳಿಗ್ಗೆ ಹರ್ಜೀತಳ ತಂಗಿಯ ಮನೆಯಲ್ಲಿ ಪರಾಠೆ ತಿಂದು ಹೊರಟೆವು. ಸೇತುವೆಯ ಮೇಲೆ ಗಾಡಿಗಳ ಉದ್ದ ಸಾಲಿತ್ತು, ಕೆಳಗೆ ನದಿ ರಭಸದಿಂದ ಹರಿಯುತ್ತಿತ್ತು. ಅಲ್ಲಿಯ ತನಕ ಹಿಗ್ಗಿನಿಂದ ಹರಟಿದವಳು ಕಾಗದಗಳನ್ನು ತೆಗೆದು ಮತ್ತೊಮ್ಮೆ ನೋಡಿಕೊಂಡೆ. ಇವರು ತಿರುಗಿಸಿ ಕಳಿಸಿದರೆ ರೂಟು ಹೋಯಿತು. ಬೂತಿನಲ್ಲಿದ್ದ ಅಧಿಕಾರಿ ಕಾರ್ಡು ಕೇಳಿದ. ಇಲ್ಲ ಎಂದು ಪಾಸ್‌ಪೋರ್ಟನ್ನೂ ಲ್ಯಾಮಿನೇಶನ್ ಮಾಡಿಸಿದ ಕಾಗದವನ್ನೂ ಕೊಟ್ಟೆ. ಅವನು ಕಾಗದವನ್ನು ಬಗ್ಗಿಸಿ ನೋಡಿದ, ಬಿಸಿಲಿಗೆ ಹಿಡಿದು ನೋಡಿದ. "ಇದಕ್ಕೆ ಪ್ಲಾಸ್ಟಿಕ್ ಹಾಕಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮ ತಂದೆ. ನೀರು ಬೀಳಬಾರದೆಂದು."

ಅವನು ನಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿ ಒಳಗೆ ಬರಲು ಹೇಳಿದ.

ಒಳಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತೆವು. ಆಮೇಲೆ ನಡುವಯಸ್ಸಿನ ಅಧಿಕಾರಿಣಿಯೊಬ್ಬರು ಕರೆದು, ಕಂಪ್ಯೂಟರಿನ ಪರದೆ ನೋಡುತ್ತ ಕೇಳಿದರು: "ಕಾರ್ಡನ್ನು ಭಾರತದ ಹಳ್ಳಿಗೆ ಕಳಿಸಲು ಯಾಕೆ ಬರೆದಿರಿ?"

ನಿಜ ಹೇಳಿದೆ. "ಮೇಡಂ, ನಮ್ಮ ಕಡೆ ಮುಖ್ಯವಾದ ಕಾಗದ ಊರಿಗೇ ಬರಬೇಕು. ಅಲ್ಲಿ ಪೋಸ್ಟ್‌ಮನ್ ಮನೆಗೆ ಬಂದು, ಕೂತು, ನೀರು ಕುಡಿದು, ಕೈಗೆ ಕೊಟ್ಟು ಹೋಗುತ್ತಾನೆ. ಇಲ್ಲಿಯ ಬಾಡಿಗೆ ಮನೆಯ ಡಬ್ಬಿಯ ಮೇಲೆ ನನಗೆ ಭರವಸೆ ಇರಲಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈಗ ಭರವಸೆ ಇದೆಯೇ?"

"ಇರಲೇಬೇಕು. ಮಂಗಳವಾರ ನಾನು ಬಸ್ಸು ಓಡಿಸಬೇಕು."

ಬಾಡಿಗೆ ಮನೆಯ ವಿಳಾಸವನ್ನು ನನ್ನ ಬಾಯಿಂದ ಒಂದೊಂದು ಅಕ್ಷರ ಹೇಳಿಸಿ, ಅದನ್ನು ಕಾರ್ಡಿನ ಕಚೇರಿಗೆ ಹೇಗೆ ತಿಳಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಕಾಗದ ಮರಳಿಸುತ್ತ, "ಪ್ಲಾಸ್ಟಿಕ್ ಒಳ್ಳೆಯದೇ, ಆದರೆ ಇನ್ನು ಮೇಲೆ ಬೇಡ" ಎಂದು ನಕ್ಕರು. ಹೊರಗೆ ಬಂದು ನಾನು ಹರ್ಜೀತಳನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ, ಅವಳೋ ನನಗಿಂತ ದಪ್ಪ! ಮುಂದಿನ ತಿರುವಿನ ಪೆಟ್ರೋಲ್ ಬಂಕಿನಲ್ಲಿ ಇರ್ಫಾನ್ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತಿದ್ದರು. "ಉಟಗಿಯ ಪೋಸ್ಟು ತಲುಪಿತು" ಎಂದರು. ಈ ಮಾತನ್ನು ಅವರು ಎರಡು ವಾರದಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದರಂತೆ.

ಮಂಗಳವಾರ ಬೆಳಿಗ್ಗೆ ಆರಕ್ಕೇ ಡಿಪೋ ಮುಟ್ಟಿದೆ. ಹಳದಿ ಬಸ್ಸಿನ ಗಾಲಿ, ಬ್ರೇಕು, ದೀಪ ಎಲ್ಲ ತಪಾಸಣೆ ಮಾಡಿ, ಹೊರಡಲು ಹತ್ತು ನಿಮಿಷ ಇರುವಾಗ ಅಬ್ಬಾಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆ ನಾಲ್ಕು, ಜತ್ ಸ್ಟ್ಯಾಂಡಿನಲ್ಲಿ ಅವರು ಊರಿಗೆ ಮರಳುವ ಸೀಟು ತುಂಬಿಸುತ್ತಿದ್ದರು.

"ಎಷ್ಟ ಸೀಟ ಆಗ್ಯಾವ ಶಬ್ಬೂ?"

"ಇನ್ನೂ ಒಂದೂ ಇಲ್ಲ ಅಬ್ಬಾ. ನಮ್ಮಲ್ಲಿ ಖಾಲಿ ಹೊಂಟು ದಾರಿಯಾಗ ತುಂಬಸ್ತೀವಿ."

"ಖಾಲಿ ಬಿಡ್ತಾರ?" ಅವರಿಗೆ ನಂಬಿಕೆಯಾಗಲಿಲ್ಲ. ಆಮೇಲೆ ದನಿ ದೂರವಾಯಿತು. ಫೋನನ್ನು ಜೀಪಿನೊಳಗೆ ಚಾಚಿ ಹಿಡಿದಿದ್ದರು. "ಕೇಳ್ರೆಪಾ, ನನ್ನ ಮಗಳು ಗಾಡಿ ಬಿಡಾಕತ್ಯಾಳ, ಎಲ್ಲಾರೂ ಸ್ವಲ್ಪ ಸುಮ್ಕ ಕುಂದ್ರಿ." ಸ್ಟ್ಯಾಂಡಿನ ಗದ್ದಲದ ನಡುವೆಯೂ ಒಂದು ಮುದುಕಿಯ ದನಿ, "ಬಿಡು ಯವ್ವಾ, ಬಿಡು" ಎಂದದ್ದು ಕೇಳಿಸಿತು.

ಆರೂವರೆ ಆಯಿತು. ಫೋನಿನ ಆ ತುದಿಯಲ್ಲಿ ಜೀಪಿನ ಪತ್ರೆಯ ಮೇಲೆ ಧಪ್ ಧಪ್ ಎಂದು ಎರಡು ಏಟು ಬಿದ್ದವು. ನಾನು ಫೋನ್ ಒಳಗಿಟ್ಟು ಗಾಡಿ ಬಿಟ್ಟೆ.