ತಂತಿ ಕೆರೆದು ನೋಡುವವರು

ಪೀಣ್ಯದ ನಮ್ಮ ಕಾರ್ಖಾನೆಗೆ ನೆಟ್‌ವರ್ಕ್ ಕೇಬಲ್ ಎಳೆಯಲು ಬರುತ್ತಿದ್ದವರು ರಾಯಚೂರು ಕಡೆಯವರೊಬ್ಬರು. ಯಾವ ಬಾಕ್ಸ್ ಕೊಟ್ಟರೂ ಮೇಲಿನ ಅಚ್ಚು ಓದುತ್ತಿರಲಿಲ್ಲ. ಕೇಬಲ್ಲಿನ ತುದಿ ಸುಲಿದು, ನೂಲಿನಂಥ ತಂತಿಯನ್ನು ಬ್ಲೇಡಿನಿಂದ ಕೆರೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. "ಹೆಸರು ಆಮ್ಯಾಲ ಓದೂಣ್ರಿ, ಮೊದ್ಲ ಒಳಗ ನೋಡೂಣು" ಎನ್ನುವುದು ಅವರ ಮಾತು.

ಹೊಸ ಶೆಡ್ಡಿಗೆ ಕ್ಯಾಮೆರಾ ಹಾಕಿಸುವಾಗ ಕೇಬಲ್ ತಂದವಳು ಸ್ಟೋರ್ಸ್ ನೋಡಿಕೊಳ್ಳುವ ನಾನೇ. ಅವರು ಕೆರೆದರು. ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಕಂಡಿತು.

"ಒಳಗ ಅಲ್ಯೂಮಿನಿಯಂ ಐತ್ರೀ ಅಕ್ಕಾರ. ಕ್ಯಾಮೆರಾಕ್ಕ ಕರೆಂಟೂ ಇದರಾಗ ಹೋಗ್ತೈತಿ, ಬಿಸಿ ಆಗ್ತೈತಿ. ನಾ ಎಳ್ಯಂಗಿಲ್ಲ."

ಮ್ಯಾನೇಜರ್ ರೇಗಿದರು. "ನಾಳೆ ಶೆಡ್ ಓಪನಿಂಗ್ ಕಣ್ರೀ! ಪೈಪ್ ಒಳಗೆ ಯಾರು ಇಣುಕಿ ನೋಡ್ತಾರೆ? ಆಗಲ್ಲ ಅಂದ್ರೆ ಬೇರೆಯವ್ರನ್ನ ಕರೆಸ್ತೀನಿ, ನೀವು ಇನ್ನು ಬರೋದೇ ಬೇಡ."

ಕೇಬಲ್ಲಿನವರು ಏಣಿ ಮಡಚಿ ಗೋಡೆಗೆ ಒರಗಿಸಿ, ಸಾಮಾನನ್ನು ಚೀಲಕ್ಕೆ ತುಂಬತೊಡಗಿದರು.

ನನಗೆ ಸುಮ್ಮನಿರಲಾಗಲಿಲ್ಲ. "ತಪ್ಪು ನಂದು ಸಾರ್, ಬಾಕ್ಸ್ ನೋಡಿ ತಂದ್ಬಿಟ್ಟೆ. ಒಂದು ಗಂಟೆ ಕೊಡಿ, ಬದಲಾಯಿಸ್ಕೊಂಡು ಬರ್ತೀನಿ" ಎಂದೆ. ಮ್ಯಾನೇಜರ್ ಗಡಿಯಾರ ನೋಡಿ, ಕೊನೆಗೆ "ಬೇಗ ಹೋಗಿ ಬನ್ನಿ" ಎಂದರು.

ಅಂಗಡಿಯವನು ಸುಲಿದ ತುದಿ ನೋಡಿ ನಕ್ಕ. "ಯಾರಕ್ಕಾ ಇಷ್ಟೆಲ್ಲಾ ಕೆದಕಿದ್ದು, ಇಂಜಿನಿಯರಾ?"

"ಅಲ್ಲಪ್ಪಾ, ನಮ್ಮ ಕೇಬಲ್ ಎಳೆಯೋರು" ಎಂದೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ.